ಸಹಾಯ ಬೇಕು: ಕಲಬುರಗಿ–ಹೈದರಾಬಾದ್ ದಾರಿಯಲ್ಲಿ ಇವಿ (ಎಲೆಕ್ಟ್ರಿಕ್ ಕಾರು) ಓಡಿಸುವವರು ಇದ್ದೀರಾ?

ಎಲ್ರಿಗೂ ನಮಸ್ಕಾರ್ರಿ. ನನ್ನದು 40 ಯೂನಿಟ್ ಬ್ಯಾಟರಿಯ ಕಾರು. ಊರೊಳಗೆ ರೇಂಜ್ (ಚಾರ್ಜ್‌ನಲ್ಲಿ ಓಡುವ ದೂರ) ಚೆನ್ನಾಗಿ ಕೊಡುತ್ತದೆ. ಹೈವೇಗೆ ಬಿದ್ದರೆ ಕತೆಯೇ ಬೇರೆ. ಹುಮನಾಬಾದ್ ಇಲ್ಲಿಂದ, ಅಂದ್ರೆ ಕಲಬುರಗಿಯಿಂದ, ಸುಮಾರು 60 ಕಿ.ಮೀ., ಅಷ್ಟರಲ್ಲಿ ಪರದೆ ಮೇಲಿನ ರೇಂಜ್ 100 ಕಿ.ಮೀ. ಇಳಿದಿರುತ್ತದೆ! ವಾಪಸ್ ಬರುವಾಗ ಅಷ್ಟು ಇಳಿಯುವುದಿಲ್ಲ.

ಟೈರ್ ಗಾಳಿ ಸರಿ ಇದೆ. ಇಕೋ ಮೋಡ್ ಹಾಕಿ ನೋಡಿದೆ. 100ರ ಬದಲು 80ರಲ್ಲಿ ಹೋದರೆ ಚಾರ್ಜ್ ಉಳಿಯುತ್ತದೆ ನಿಜ, ಆದರೆ ಲಾರಿಗಳ ಹಿಂದೆ ಎಷ್ಟು ಹೊತ್ತು ತೆವಳುವುದು? ಎಸಿ ಬಂದ್ ಮಾಡಿ ಅಂತ ಮಾತ್ರ ಹೇಳಬೇಡಿ, ನಮ್ಮ ಬಿಸಿಲು ಗೊತ್ತಲ್ವಾ. ಸರ್ವಿಸ್ ಸೆಂಟರ್‌ನವರು ಬ್ಯಾಟರಿ ಚೆಕ್ ಮಾಡಿ "ನಾರ್ಮಲ್ ಸರ್" ಅಂದು ಕಳಿಸಿದರು.

ತಲೆಗೆ ಹತ್ತದಿರುವುದು ಇದು. ಹುಮನಾಬಾದ್ ನಮಗಿಂತ 180 ಮೀಟರ್‌ನಷ್ಟು ಎತ್ತರದಲ್ಲಿದೆ. ಆದರೆ ಆ ಏರಿಗೆ ಲೆಕ್ಕ ಹಾಕಿದರೆ ಒಂದು ಯೂನಿಟ್ ಕರೆಂಟ್ ಆಸುಪಾಸು ಅಷ್ಟೇ. ಮತ್ತೆ ಉಳಿದದ್ದು ಎಲ್ಲಿ ಹೋಗುತ್ತಿದೆ? ಪರದೆ ಊರೊಳಗಿನ ಓಟ ನೋಡಿ ಸುಮ್ನೆ ಜಾಸ್ತಿ ತೋರಿಸುತ್ತಿದೆಯಾ?

ಮುಂದಿನ ವಾರ ಅಮ್ಮನನ್ನು ಹೈದರಾಬಾದ್ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಸುಮಾರು 220 ಕಿ.ಮೀ. ಇಷ್ಟೇ ಬ್ಯಾಟರಿ ಇರುವವರು ದಯವಿಟ್ಟು ಹೇಳಿ: ನಾಲ್ಕು ಜನ, ಎಸಿ ಆನ್, 90ರ ವೇಗ, ಫುಲ್ ಚಾರ್ಜ್‌ನಲ್ಲಿ ಹೊರಟರೆ ಜಹೀರಾಬಾದ್ ಮುಟ್ಟುವಾಗ ಎಷ್ಟು ಪರ್ಸೆಂಟ್ ಉಳಿಯುತ್ತದೆ? ಅಲ್ಲಿ ಒಂದೇ ಸಲ ಚಾರ್ಜ್ ಮಾಡಿದರೆ ಸಾಕಾ?