ಪಿಟೋ ಹೀಟ್ ಬ್ರೇಕರ್ ಟ್ರಿಪ್ ಆಗ್ತಿದೆ: ಆರ್‌ವಿ-6 ವಿಮಾನದ ಪ್ಯಾನೆಲ್‌ಗೆ ಯಾವ ಸ್ವಿಚ್, ಯಾವ ಬ್ರೇಕರ್?

ಡೇಟನ್‌ಹುಡುಗ:
ಎಲ್ಲರಿಗೂ ನಮಸ್ಕಾರ. ಓಹಾಯೋದ ಡೇಟನ್ ಹತ್ತಿರ ಇದ್ದೇನೆ. ಬೇರೆಯವರು ಕಿಟ್‌ನಿಂದ ಕಟ್ಟಿದ ಹಳೇ ಆರ್‌ವಿ-6 ಪುಟ್ಟ ವಿಮಾನ ಕೊಂಡಿದ್ದೇನೆ, 14 ವೋಲ್ಟ್ ಸಿಸ್ಟಮ್. ಮುಂದಿನ ತಿಂಗಳು ಮುಳ್ಳಿನ ಮೀಟರ್‌ಗಳನ್ನೆಲ್ಲ ತೆಗೆದು ಸ್ಕ್ರೀನ್ ಕೂರಿಸಬೇಕು. ಹೇಗೂ ಪ್ಯಾನೆಲ್ ಬಿಚ್ಚುತ್ತೇವೆ, ಸ್ವಿಚ್ಚು ಬ್ರೇಕರನ್ನೂ ಬದಲಿಸೋಣ ಅಂತ ಯೋಚನೆ.

ಅಷ್ಟರಲ್ಲಿ ಒಂದು ತಲೆನೋವು. ಪಿಟೋ ಹೀಟ್ (ವೇಗ ಅಳೆಯುವ ಪಿಟೋ ಕೊಳವೆಗೆ ಮಂಜು ಕಟ್ಟದಂತೆ ಬಿಸಿ ಮಾಡುವ ಹೀಟರ್) ಒಂದನ್ನೇ ಹಾಕಿದರೆ ಏನೂ ಆಗುವುದಿಲ್ಲ. ಜೊತೆಗೆ ಲ್ಯಾಂಡಿಂಗ್ ಲೈಟ್ ಹಾಕಿದರೆ ಮೂರ್ನಾಲ್ಕು ನಿಮಿಷಕ್ಕೆ ಪಿಟೋದ 10 ಆಂಪ್ ಬ್ರೇಕರ್ ಟ್ರಿಪ್ ಆಗುತ್ತದೆ. ಕ್ಲ್ಯಾಂಪ್ ಮೀಟರ್‌ನಲ್ಲಿ ನೋಡಿದರೆ ಪಿಟೋ ಎಳೆಯುವುದು ಸುಮಾರು 8 ಆಂಪ್ ಮಾತ್ರ. ವೈರು 14 ಗೇಜ್. ಲೈಟು 100 ವಾಟ್ ಹ್ಯಾಲೊಜೆನ್, ಅದರ ಬ್ರೇಕರ್ ಪಕ್ಕದಲ್ಲೇ ಇದೆ. 15 ಆಂಪ್ ಬ್ರೇಕರ್ ಹಾಕಿಬಿಡಲಾ?

ತಂತಿಮಾಮ:
ಸ್ವಲ್ಪ ತಡೀರಿ. ಎಚ್‌ಎಎಲ್‌ನಲ್ಲಿ ಇಡೀ ಜೀವನ ವೈರಿಂಗ್ ಮಾಡಿ ನಿವೃತ್ತನಾದವನು ನಾನು. 8 ಆಂಪ್ ಎಳೆಯುವಾಗ 10ರ ಬ್ರೇಕರ್ ಹಾರುತ್ತಿದೆ ಅಂದರೆ, ಕರೆಂಟ್ ಜಾಸ್ತಿಯಾಗಿ ಹಾರುತ್ತಿಲ್ಲ. ಶಾಖ ಬೇರೆ ಕಡೆಯಿಂದ ಬರುತ್ತಿದೆ. ಈ ಬ್ರೇಕರ್ ಒಳಗಿರುವುದು ಬೈಮೆಟಲ್ ಪಟ್ಟಿ. ಬಿಸಿಯಾದರೆ ಬಾಗುತ್ತದೆ, ಅಷ್ಟೇ. ಬಿಸಿ ಎಲ್ಲಿಂದ ಬಂತು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಪಿಟೋ ಕವರ್ ತೆಗೆದು, ಎರಡನ್ನೂ ಆನ್ ಮಾಡಿ, ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಸ್ವಿಚ್ಚಿನ ಎರಡು ತುದಿಗೆ ಒಂದೊಂದು ಪ್ರೋಬ್. ಆಮೇಲೆ ಬ್ರೇಕರಿನ ಎರಡು ತುದಿಗೆ. ಆಮೇಲೆ ಬಸ್ ಬಾರ್ (ಎಲ್ಲ ಬ್ರೇಕರಿಗೂ ಕರೆಂಟ್ ಹಂಚುವ ಲೋಹದ ಪಟ್ಟಿ) ಮೇಲೆ ಒಂದು, ಬ್ರೇಕರ್ ಸ್ಕ್ರೂ ಮೇಲೆ ಒಂದು. ಜೋಡಣೆ ಸರಿಯಿದ್ದರೆ ಸೊನ್ನೆಯ ಹತ್ತಿರ ಬರಬೇಕು. ಸ್ವಿಚ್ಚಿನ ಮೈಮೇಲೆ ಏನು ಬರೆದಿದೆ ಅಂತಲೂ ಓದಿ ಹೇಳಿ.

ಡೇಟನ್‌ಹುಡುಗ:
ಅಳೆದೆ ಸರ್. ಸ್ವಿಚ್ಚಿನಲ್ಲಿ 0.6 ವೋಲ್ಟ್. ಬ್ರೇಕರಿನಲ್ಲಿ 0.1. ಬಸ್ ಬಾರ್‌ನಿಂದ ಸ್ಕ್ರೂವಿಗೆ 0.35! ಸ್ವಿಚ್ಚಿನ ಹಿಂದಿನ ಟ್ಯಾಬ್ ಕಂದು ಬಣ್ಣಕ್ಕೆ ತಿರುಗಿದೆ, ಅಲ್ಲಿ ವೈರಿನ ಹೊದಿಕೆ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಮೈಮೇಲೆ "16 ಆಂಪ್ 125 ವೋಲ್ಟ್ ಎಸಿ" ಅಂತಿದೆ, ಡಿಸಿ ಮಾತೇ ಇಲ್ಲ. ಬಸ್ ಬಾರ್ ತಾಮ್ರದ್ದಲ್ಲ, ಅಲ್ಯೂಮಿನಿಯಂ ಪಟ್ಟಿ.

ತಂತಿಮಾಮ:
ಸಿಕ್ಕಿತಲ್ಲ! ಒಂದಲ್ಲ, ಎರಡು ತೊಂದರೆ.

0.35 ವೋಲ್ಟನ್ನು 8 ಆಂಪ್‌ನಿಂದ ಗುಣಿಸಿ, 2.8 ವಾಟ್. ಅಷ್ಟು ಶಾಖ ಒಂದು ಸ್ಕ್ರೂವಿನಿಂದ ನೇರ ಬ್ರೇಕರ್ ಒಳಗೆ ಹೋಗುತ್ತಿದೆ. ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ, ಅದರಲ್ಲಿ ಕರೆಂಟ್ ಸಲೀಸಾಗಿ ಹರಿಯುವುದಿಲ್ಲ. ಪಿಟೋ ಒಂದೇ ಇದ್ದಾಗ ಹೇಗೋ ತಡೆದುಕೊಳ್ಳುತ್ತದೆ. ಪಕ್ಕದ ಲೈಟ್ ಬ್ರೇಕರ್ ಕೂಡ ಬಿಸಿಯಾದಾಗ ಮಿತಿ ದಾಟುತ್ತದೆ. 14 ಗೇಜ್ ವೈರಿಗೆ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ಪಟ್ಟಿಯಲ್ಲಿ 20 ಆಂಪ್ ಬ್ರೇಕರ್ ತನಕ ಇದೆ, ಹಾಗಾಗಿ 15 ಹಾಕಿದರೆ ವೈರಿಗೆ ಏನೂ ಆಗದು. ಆದರೆ ಆ ಸ್ಕ್ರೂ ಸುಡುತ್ತಲೇ ಇರುತ್ತದೆ, ನಿಮಗೆ ಹೇಳುವವರು ಯಾರೂ ಇರುವುದಿಲ್ಲ. ತಾಮ್ರದ ಪಟ್ಟಿ ಹಾಕಿ, ಲಾಕ್ ವಾಷರ್ ಸಮೇತ ಬಿಗಿ ಮಾಡಿ.

ಇನ್ನು ಸ್ವಿಚ್ಚು. ಅದರಿಂದ ಬ್ರೇಕರ್ ಹಾರುತ್ತಿಲ್ಲ, ಆದರೆ ಅದೇ ಒಂದು ದಿನ ಹೊತ್ತಿಕೊಳ್ಳಬಹುದು. ಅಮೆರಿಕದ ಮನೆ ಕರೆಂಟು, ಅಂದರೆ ಎಸಿ, ಸೆಕೆಂಡಿಗೆ 120 ಸಲ ಸೊನ್ನೆಗೆ ಬರುತ್ತದೆ, ಸ್ವಿಚ್ ಬಿಟ್ಟಾಗ ಕಿಡಿ ತಾನೇ ಆರುತ್ತದೆ. ವಿಮಾನದ ಡಿಸಿಯಲ್ಲಿ ಆ ಸೊನ್ನೆಯೇ ಇಲ್ಲ. ಕಿಡಿ ಎಳೆದುಕೊಂಡೇ ಇರುತ್ತದೆ, ಕಾಂಟ್ಯಾಕ್ಟ್ ತಿನ್ನುತ್ತದೆ.

ಹ್ಯಾಂಗರ್‌ಸುಮಾ:
ಮಾಮ ಹೇಳಿದ ಎಫ್‌ಎಎ ಪಟ್ಟಿ ಇರುವುದು ಎಸಿ 43.13-1ಬಿ ಅನ್ನೋ ಸರ್ಕ್ಯುಲರ್‌ನಲ್ಲಿ (ಇಲ್ಲಿ ಎಸಿ ಅಂದರೆ ಅಡ್ವೈಸರಿ ಸರ್ಕ್ಯುಲರ್, ಕರೆಂಟ್ ಅಲ್ಲ). ಸ್ವಿಚ್ ಆರಿಸುವ ಲೆಕ್ಕವೂ ಅದರಲ್ಲೇ ಇದೆ. 14 ವೋಲ್ಟ್‌ಗೆ ಹೀಟರ್ ಆದರೆ 1, ಮೋಟರ್ ಅಥವಾ ರಿಲೇ ಆದರೆ 2, ಬಲ್ಬ್ ಆದರೆ 5ರಿಂದ ಅದು ಎಳೆಯುವ ಆಂಪನ್ನು ಗುಣಿಸಬೇಕು. ತಣ್ಣಗಿರುವ ಫಿಲಮೆಂಟ್ ಮೊದಲ ಕ್ಷಣದಲ್ಲಿ ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತದೆ, ಅದಕ್ಕೇ 5. ನಿಮ್ಮ 7 ಆಂಪ್ ಲೈಟಿಗೆ 35 ಆಂಪ್ ಸ್ವಿಚ್ ಬೇಕಾಗುತ್ತದೆ! ಸುಮ್ನೆ ಎಲ್‌ಇಡಿ ಹಾಕಿಕೊಳ್ಳಿ, ಲೈಟಿನ ಗೋಳು ಮುಗಿಯಿತು.

ಬ್ರೇಕರ್ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ನನ್ನ ಆರ್‌ವಿ-7ರಲ್ಲಿ ಹೆಚ್ಚಿನದೆಲ್ಲ ಫ್ಯೂಸ್. ಹಗುರ, ಅಗ್ಗ, ಸ್ಕ್ರೂ ಕಾಟ ಇಲ್ಲ. ವಿಮಾನ ಹಾರಿಸುವಾಗ ಸುಟ್ಟ ಫ್ಯೂಸ್ ಬದಲಿಸೋಕಾಗಲ್ಲ ಅಂತಾರೆ. ಬದಲಿಸಲೇಬಾರದು ಅನ್ನೋದು ನನ್ನ ವಾದ. 2007ರ ಜುಲೈನಲ್ಲಿ ಫ್ಲೋರಿಡಾದ ಸ್ಯಾನ್‌ಫರ್ಡ್‌ನಲ್ಲಿ ಒಂದು ಸೆಸ್ನಾ 310 ಬಿತ್ತು. ಹಿಂದಿನ ದಿನ ಸುಟ್ಟ ವಾಸನೆ ಬಂತೆಂದು ಇನ್ನೊಬ್ಬ ಪೈಲಟ್ ಹವಾಮಾನ ರಾಡಾರ್ ಬ್ರೇಕರನ್ನು ಹೊರಗೆ ಎಳೆದು ಅದರ ಕರೆಂಟ್ ಕಡಿದಿದ್ದ. ರಿಪೇರಿ ಮಾಡದೆ ಮರುದಿನ ಹಾರಿಸಿದರು. ಆ ಬ್ರೇಕರನ್ನು ಮತ್ತೆ ಒತ್ತಿರುವ ಸಾಧ್ಯತೆ ಇದೆ ಅಂತ ತನಿಖೆ ಹೇಳಿತು. ವಿಮಾನದಲ್ಲಿ ಇಬ್ಬರು, ಕೆಳಗೆ ಮನೆಗಳಲ್ಲಿ ಮೂವರು ಸತ್ತರು.

ತಂತಿಮಾಮ:
ಅದು ಒಪ್ಪಿದೆ ಕಣಮ್ಮ. ಆದರೆ ಆಟೋಪೈಲಟ್‌ಗೂ ಟ್ರಿಮ್ ಮೋಟರಿಗೂ (ವಿಮಾನದ ಸಮತೋಲ ಹೊಂದಿಸುವುದು) ಫ್ಯೂಸ್ ಬೇಡ. ಅದು ಹುಚ್ಚು ಹಿಡಿದಂತೆ ಆಡಿದರೆ ಕೈ ಚಾಚಿ ಎಳೆಯುವ ಹಾಗಿರಬೇಕು. ಎಲ್ಲ ಬ್ರೇಕರೂ ಎಳೆಯಲು ಬರುವುದಿಲ್ಲ, ನೋಡಿ ಕೊಳ್ಳಿ. ಕ್ಲಿಕ್ಸನ್ 7277 ಎಳೆಯಬಹುದು. ಪಾಟರ್ ಬ್ರಮ್‌ಫೀಲ್ಡ್ ಡಬ್ಲ್ಯು58 ತಾನಾಗಿ ಹೊರಗೆ ಬಂದರೆ ಒಳಗೆ ಒತ್ತಬಹುದು, ಅಷ್ಟೇ.

ಡೇಟನ್‌ಹುಡುಗ:
ತಾಮ್ರದ ಪಟ್ಟಿ ಹಾಕಿದೆ. 0.35 ಇದ್ದದ್ದು ಈಗ 0.02. ಎರಡನ್ನೂ ಹಾಕಿ ಬಿಟ್ಟೆ, ಬ್ರೇಕರ್ ಕದಲಲಿಲ್ಲ. ಸ್ವಿಚ್ಚುಗಳಿಗೆ ಡಿಸಿ ರೇಟಿಂಗ್ ಇರುವ ಹನಿವೆಲ್ ಟಾಗಲ್ ನೋಡಿದ್ದೇನೆ. ಜಾಗ ಉಳಿಸಲು ಸ್ವಿಚ್ಚೂ ಬ್ರೇಕರೂ ಒಂದೇ ಆಗಿರುವ ಡಬ್ಲ್ಯು31 ಹೇಗೆ? ಮತ್ತೆ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋಗೂ ಕೀ ತೆಗೆದು ಟಾಗಲ್ ಹಾಕಲಾ?

ಹ್ಯಾಂಗರ್‌ಸುಮಾ:
ಡಬ್ಲ್ಯು31 ಬೇಡ ಅನ್ನಲ್ಲ, ಆದರೆ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ದಿನಾ ಒತ್ತುವ ಫ್ಯುಯಲ್ ಪಂಪಿಗೆ ನಾನಾದರೆ ಹಾಕಲ್ಲ. ಮತ್ತೆ ಪಂಪ್ ಸ್ವಿಚ್ಚನ್ನು ಲೈಟ್ ಸ್ವಿಚ್ಚಿನ ಪಕ್ಕ ಇಡಬೇಡಿ, ಕತ್ತಲಲ್ಲಿ ಕೈ ತಪ್ಪುತ್ತದೆ.

ತಂತಿಮಾಮ:
ಮ್ಯಾಗ್ನೆಟೋ ಟಾಗಲ್ ಹಾಕಿ, ಆದರೆ ಎತ್ತಿ ತಿರುಗಿಸುವ ಲಾಕಿಂಗ್ ಬಗೆಯದು. ವೈರಿಂಗ್ ಉಲ್ಟಾ, ನೆನಪಿಡಿ. ಕಾಂಟ್ಯಾಕ್ಟ್ ಕೂಡಿದರೆ ಮ್ಯಾಗ್ನೆಟೋ ಗ್ರೌಂಡ್ ಆಗಿ ಆಫ್, ಬಿಟ್ಟರೆ ಆನ್. ಆ ವೈರು ಕಳಚಿಕೊಂಡರೆ ಸ್ವಿಚ್ ಆಫ್ ತೋರಿಸಿದರೂ ಪ್ರೊಪೆಲರ್ ಜೀವಂತ, ಕೈಯಲ್ಲಿ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳಬಹುದು. ಅದರ ದಾರಿಯಲ್ಲಿ ಫ್ಯೂಸೂ ಬೇಡ, ಬ್ರೇಕರೂ ಬೇಡ. ಕೆಲಸ ಮುಗಿದ ಮೇಲೆ ಎಂಜಿನ್ ಐಡಲ್‌ನಲ್ಲಿಟ್ಟು ಎರಡೂ ಆಫ್ ಮಾಡಿ ನೋಡಿ, ನಿಲ್ಲುವ ಸೂಚನೆ ಬಂದ ತಕ್ಷಣ ಆನ್ ಮಾಡಿ. ಫೋಟೋ ಹಾಕಿ, ಟರ್ಮಿನಲ್ ಕ್ರಿಂಪ್ ನೋಡಬೇಕು ನಾನು.