‘ಅವಕಾಶವಾದಿ ಸೋಂಕು’: ಇದಕ್ಕಿಂತ ಒಳ್ಳೆಯ ಪದ ಇದೆಯೇ?

ಗೆಳೆಯರೆ, ನಮಸ್ಕಾರ.

ಎಚ್‌ಐವಿ ಇರುವವರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಎಆರ್‌ಟಿ (ಎಚ್‌ಐವಿಯನ್ನು ಅದುಮಿಡುವ ಔಷಧಿ) ಸೆಂಟರಿನಲ್ಲಿ ಸರದಿಗೆ ಕಾಯುತ್ತಾ ಕೂತವರು ಯಾರನ್ನೂ ಕೇಳದೆ ಓದಿ ಮುಗಿಸುವಂತಿರಬೇಕು. ಬರವಣಿಗೆ ನಿಂತಿರುವುದು ‘ಅವಕಾಶವಾದಿ ಸೋಂಕು’ ಎಂಬಲ್ಲಿ. ಇಂಗ್ಲಿಷಿನ ‘ಆಪರ್ಚುನಿಸ್ಟಿಕ್ ಇನ್‌ಫೆಕ್ಷನ್’ಗೆ ನಾವು ಬಳಸುವ ಪದ ಇದು.

ಗಟ್ಟಿ ಮೈಯಲ್ಲಿ ಅಷ್ಟಾಗಿ ಬಾಲ ಬಿಚ್ಚದ ರೋಗಾಣುಗಳು ಎಚ್‌ಐವಿಯಿಂದ ಮೈಯ ಶಕ್ತಿ ಕುಗ್ಗಿದಾಗ ಮೇಲೇಳುತ್ತವೆ. ನಮ್ಮ ದೇಶದಲ್ಲಿ ಟಿಬಿಯೇ ಮುಂದು. ಬಾಯಿ, ಗಂಟಲಲ್ಲಿ ಬಿಳಿ ಪದರ ಕಟ್ಟುವ ಕ್ಯಾಂಡಿಡಾ, ಮೆದುಳಿಗೆ ಬರುವ ಟಾಕ್ಸೊಪ್ಲಾಸ್ಮಾ, ಸಿಡಿ4 (ರೋಗದ ಜೊತೆ ಕಾದಾಡುವ ಬಿಳಿ ರಕ್ತಕಣಗಳ ಎಣಿಕೆ) 200ಕ್ಕಿಂತ ಕೆಳಗಿಳಿದವರನ್ನು ಕಾಡುವ ನ್ಯುಮೋಸಿಸ್ಟಿಸ್ ನ್ಯುಮೋನಿಯಾ, ಹೀಗೆ ಪಟ್ಟಿ ದೊಡ್ಡದಿದೆ.

‘ಅವಕಾಶವಾದಿ’ ನಮ್ಮಲ್ಲಿ ಪಕ್ಷ ಬದಲಿಸುವವರ ಮೇಲೆ ಬಳಸಿ ಬಳಸಿ ಸವೆದ ಬೈಗುಳ. ರೋಗಾಣುವನ್ನು ಬೈದರೆ ನನಗೇನೂ ಬೇಜಾರಿಲ್ಲ. ತೊಡಕು ಇರುವುದು ವಾಕ್ಯದಲ್ಲಿ. ‘ಅವಕಾಶವಾದಿ ಸೋಂಕಿತರು’ ಎಂದು ಬರೆದು ನೋಡಿ. ಬೈಗುಳ ಸೋಂಕನ್ನು ಬಿಟ್ಟು ಮನುಷ್ಯರಿಗೆ ಅಂಟಿಕೊಳ್ಳುತ್ತದೆ. ಊರವರ ಬಾಯಿಂದ ಕೇಳಬಾರದ್ದನ್ನೆಲ್ಲ ಕೇಳಿರುವವರಿಗೆ ಕರಪತ್ರದಲ್ಲೂ ಅದೇ ಯಾಕೆ? ‘ಸಮಯಸಾಧಕ’ ಎಂದರೂ ಇದೇ ಗತಿ. ಹಿಂದಿಯ ‘ಅವಸರವಾದಿ’ಯನ್ನು ಹಾಗೇ ಇಳಿಸಿದರಂತೂ ಆತುರಗಾರ ಸೋಂಕು ಆಗಿಬಿಡುತ್ತದೆ, ಅಲ್ವಾ!

‘ಹೊಂಚುಸೋಂಕು’ ಹೇಗೆ? ಟಿಬಿಗೆ ಇದು ಹೇಳಿ ಮಾಡಿಸಿದಂತಿದೆ. ಅದರ ರೋಗಾಣು ಮೈಯೊಳಗೆ ವರ್ಷಗಟ್ಟಲೆ ಸುಮ್ನೆ ಇದ್ದು, ಶಕ್ತಿ ಕುಗ್ಗಿದಾಗ ಏಳುತ್ತದೆ. ಸರ್ಪಸುತ್ತೂ ಹಾಗೇ. ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆ ಸಿಡುಬಿನ, ಅಂದರೆ ಚಿಕನ್‌ಪಾಕ್ಸಿನ ವೈರಸ್ಸು, ನರದಲ್ಲಿ ಅಡಗಿದ್ದು ಮತ್ತೆ ಕಾಣಿಸಿಕೊಳ್ಳುತ್ತದೆ. ಆದರೆ ಹೊಸದಾಗಿ ಹೊರಗಿನಿಂದ ಬರುವುವೂ ಇವೆಯಲ್ಲ, ಅವಕ್ಕೆ ಹೊಂಚು ಎನ್ನಬಹುದೇ? ಬಾಗಿಲ ಹೊರಗೂ ಹೊಂಚು ಹಾಕಬಹುದು ಎಂದು ನನ್ನ ವಾದ. ಒಪ್ಪದವರು ಹೇಳಿ.

ಇನ್ನು ‘ತಡೆ’ಯ ಮಾತು. ನನಗೆ ಇದೇ ಜಾಸ್ತಿ ತಲೆನೋವು. ‘ಸೋಂಕು ತಡೆಯುವ ಮಾತ್ರೆ’ ಎಂದು ಎಲ್ಲರೂ ಬರೆಯುತ್ತಾರೆ. ಟಿಬಿ ಬಾರದಂತೆ ಆರು ತಿಂಗಳು ಐಸೋನಿಯಜಿಡ್ ಮಾತ್ರೆ ಕೊಡುವ ಕ್ರಮವಿದೆ, ಕೈಕಾಲು ಜೋಮು ಹಿಡಿಯದಿರಲಿ ಎಂದು ಜೊತೆಗೆ ವಿಟಮಿನ್ ಬಿ6. ಅದಕ್ಕೆ ಮೊದಲು ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಈ ನಾಲ್ಕನ್ನು ಕೇಳಿ ಟಿಬಿ ಕಾಯಿಲೆ ಇಲ್ಲ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಎಷ್ಟೋ ಜನರಲ್ಲಿ ರೋಗಾಣು ಆಗಲೇ ಒಳಗಿರುತ್ತದೆ. ಸೋಂಕು ಆಗಿಯೇ ಹೋಗಿದೆ! ಮಾತ್ರೆ ತಡೆಯುವುದು ಕಾಯಿಲೆಯನ್ನು. ಹಾಗಾಗಿ ಇಲ್ಲಿ ‘ಸೋಂಕು’ ತೆಗೆದು ‘ಕಾಯಿಲೆ’ ಎಂದು ಹಾಕಲೇಬೇಕು ಅನ್ನಿಸುತ್ತದೆ.

‘ನಿರೋಧಕ ಮಾತ್ರೆ’ ಬೇಡವೇ ಬೇಡ. ‘ಗರ್ಭನಿರೋಧಕ ಮಾತ್ರೆ’ ಎಲ್ಲರ ಕಿವಿಯಲ್ಲಿದೆ. ಸಾಲದ್ದಕ್ಕೆ 1968ರಿಂದ ಸರ್ಕಾರದ ‘ನಿರೋಧ್’ ಕಾಂಡೋಮ್ ಬೇರೆ. ಎಚ್‌ಐವಿ ಕರಪತ್ರದಲ್ಲಿ ಆ ಪದ ಕಂಡರೆ ಓದುಗರ ತಲೆ ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ.

ಜನ ಸಿಡಿ4 ಎನ್ನುವುದೂ ಕಮ್ಮಿ, ‘ಕೌಂಟ್ ಎಷ್ಟಿದೆ?’ ಎಂದೇ ಕೇಳುತ್ತಾರೆ. ಕೌಂಟ್ 350ಕ್ಕಿಂತ ಕಡಿಮೆ ಇದ್ದರೆ ಕೋಟ್ರೈಮೋಕ್ಸಜೋಲ್ ಮಾತ್ರೆಯನ್ನೂ ದಿನಾ ಕೊಡುತ್ತಾರೆ. ನ್ಯುಮೋಸಿಸ್ಟಿಸ್ಸಿಗೂ ಟಾಕ್ಸೊಪ್ಲಾಸ್ಮಾಕ್ಕೂ ಅದೊಂದೇ ಸಾಕು. ‘ಎಆರ್‌ಟಿ ನುಂಗ್ತಿದೀನಲ್ಲ, ಇದ್ಯಾಕೆ?’ ಎಂದು ಕೇಳುವವರಿಗೆ ನಾನು ಬರೆದದ್ದು ಹೀಗಿದೆ:

‘ಎಆರ್‌ಟಿ ಮಾತ್ರೆ ಎಚ್‌ಐವಿಯನ್ನು ಅದುಮಿಡುತ್ತದೆ. ಕೌಂಟ್ ಏರುವ ತನಕ ಬೇರೆ ಕಾಯಿಲೆ ಮೈಮೇಲೆ ಬೀಳದಂತೆ ಈ ಕಾಪುಮಾತ್ರೆ ನೋಡಿಕೊಳ್ಳುತ್ತದೆ. ಡಾಕ್ಟರ್ ಹೇಳದೆ ಎರಡರಲ್ಲಿ ಯಾವುದನ್ನೂ ಬಿಡಬೇಡಿ.’

‘ಕಾಪುಮಾತ್ರೆ’ ನಾನೇ ಕಟ್ಟಿದ್ದು. ಕಿವಿಗೆ ಒಗ್ಗುತ್ತದೆಯೇ? ಕರಾವಳಿಯವರಿಗೆ ಉಡುಪಿ ಕಡೆಯ ಕಾಪು ಊರಿನ ಹೆಸರು ನೆನಪಾಗಿ ನಗು ಬರಬಹುದು, ಅದಿರಲಿ.

ಇನ್ನೊಂದು ಕೋರಿಕೆ. ಬಾಯಲ್ಲಿ ಬಿಳಿ ಪದರ ಕಟ್ಟುವುದಕ್ಕೆ ನಿಮ್ಮ ಕಡೆ ಏನಂತಾರೆ? ಹಸುಗೂಸುಗಳಿಗೂ ಬರುವುದರಿಂದ ಅಜ್ಜಿಯಂದಿರ ಬಾಯಲ್ಲಿ ಹೆಸರು ಇರಲೇಬೇಕು. ಯಾವ ಜಿಲ್ಲೆಯ ಮಾತು ಎಂಬುದನ್ನೂ ದಯವಿಟ್ಟು ಬರೆಯಿರಿ.