ಮೀಡಿಯೇಟರ್‌ಗೆ 'ಮಧ್ಯವರ್ತಿ' ಸಲ್ಲುತ್ತದೆಯೇ?

ಗೆಳೆಯರೆ,

ಕೋಲಾರದಲ್ಲಿರುವ ನಮ್ಮ ಅತ್ತೆಗೆ ಅಲ್ಸರೇಟಿವ್ ಕೊಲೈಟಿಸ್, ದೊಡ್ಡ ಕರುಳು ಊದಿ ಹುಣ್ಣಾಗುವ ಕಾಯಿಲೆ. ಅದರ ಬಗ್ಗೆ ಕನ್ನಡದಲ್ಲಿ ಎರಡು ಪುಟ ಬರೆದುಕೊಡು ಅಂದರು, ಬರೆದೆ. ಇನ್‌ಫ್ಲಮೇಶನ್‌ಗೆ 'ಉರಿಯೂತ' ಎಂದಿದ್ದೆ. ಮೊದಲ ಸಾಲಿನ ಮೇಲೇ ಬೆರಳಿಟ್ಟು ನಿಂತರು: "ಇದೇನೋ ಉರಿಯೂಟ? ಖಾರ ತಿಂದಿದ್ದಕ್ಕೆ ಬಂತು ಅಂತಾನಾ?"

ಊಟ ಅಲ್ಲ ಅತ್ತೆ, ಊತ ಅಂದೆ.

"ಹಂಗಾದ್ರೆ ಕರುಳು ಬಾತ್ಕೊಂಡೈತೆ ಅನ್ನು."

'ಬಾವು' ನಮ್ಮ ಕಡೆ ಇನ್ನೂ ಬಾಯಲ್ಲಿರುವ ಪದ. ಆದರೂ ಉರಿಯೂತವನ್ನು ಬಿಡಲು ಮನಸ್ಸಿಲ್ಲ. ಕೆಂಪು, ಬಿಸಿ, ಊತ, ನೋವು ಎಂದು ಪ್ರಾಚೀನ ರೋಮಿನ ವೈದ್ಯಗ್ರಂಥಕಾರ ಸೆಲ್ಸಸ್ ಎಣಿಸಿದ ನಾಲ್ಕು ಲಕ್ಷಣಗಳಲ್ಲಿ ಅದು ಎರಡನ್ನಾದರೂ ಹಿಡಿದಿದೆ.

ನನ್ನ ತಕರಾರು 'ಇನ್‌ಫ್ಲಮೇಟರಿ ಮೀಡಿಯೇಟರ್' ಬಗ್ಗೆ, ಅಂದರೆ ಉರಿಯೂತವನ್ನು ನಡೆಸುವ ಮೈಯೊಳಗಿನ ರಾಸಾಯನಿಕಗಳ ಬಗ್ಗೆ. ಅವಕ್ಕೆ 'ಮಧ್ಯವರ್ತಿ' ಎಂದು ಬರೆದಿದ್ದೆ. ಟೊಮೆಟೊ ಬೆಳೆಯುವ ಮನೆಯಲ್ಲಿ ಆ ಮಾತಿಗೆ ಕಣ್ಮುಂದೆ ಬರುವವನು ಮಂಡಿಯ ದಲ್ಲಾಳಿ, ಕಮಿಷನ್ ಮುರಿದುಕೊಳ್ಳುವವನು. ಕರುಳಿನಲ್ಲಿ ಅಂಥ ವ್ಯಾಪಾರವೇನೂ ನಡೆಯುವುದಿಲ್ಲ. ಇಂಥ ರಾಸಾಯನಿಕಗಳಲ್ಲಿ ಲ್ಯೂಕೋಟ್ರೈಯೀನ್ ಬಿ4 ಬಿಳಿ ರಕ್ತಕಣಗಳನ್ನು ಕರೆಸಿಕೊಳ್ಳುತ್ತದೆ, ಪ್ರೋಸ್ಟಗ್ಲಾಂಡಿನ್ ಇ2 ರಕ್ತನಾಳ ಹಿಗ್ಗಿಸುತ್ತದೆ, ಟಿಎನ್‌ಎಫ್ ಇನ್ನಷ್ಟು ಜೀವಕೋಶಗಳನ್ನು ಎಬ್ಬಿಸುತ್ತದೆ. ಡಂಗುರ ಹೊಡೆಯುವ ಕೆಲಸ ಇದು. (ಹೆಸರಿಡುವಾಗ ವಿಜ್ಞಾನಿಗಳೂ ಎಡವಿದ್ದಾರೆ: ಪ್ರಾಸ್ಟೇಟ್ ಗ್ರಂಥಿಯದೆಂದು ತಿಳಿದು 1935ರಲ್ಲಿ ಸ್ವೀಡನ್ನಿನ ವಿಜ್ಞಾನಿ ಫಾನ್ ಆಯ್ಲರ್ ಇಟ್ಟ ಹೆಸರು ಪ್ರೋಸ್ಟಗ್ಲಾಂಡಿನ್.)

'ಉರಿಯೂತಕಾರಕ' ಅನ್ನೋಣವೇ? ಕನ್ನಡ-ಸಂಸ್ಕೃತ ಬೆರೆಸಿದ ಅರಿಸಮಾಸವೆಂದು ಪಂಡಿತರು ಮುಖ ಸಿಂಡರಿಸುವುದು ಹಾಗಿರಲಿ, ಅರ್ಥವೇ ಕೆಡುತ್ತದೆ. ಇದೇ ಬಳಗದ ಇಂಟರ್‌ಲ್ಯೂಕಿನ್-10 ಉರಿಯೂತವನ್ನು ತಗ್ಗಿಸುವಂಥದ್ದು. ಪ್ರೋಸ್ಟಗ್ಲಾಂಡಿನ್ ಕೂಡ ಕರುಳಿನ ಒಳಪೊರೆಯನ್ನು ಕಾಯುವುದುಂಟು. ಅದರ ತಯಾರಿಯನ್ನೇ ತಡೆಯುವ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಈ ಕಾಯಿಲೆಯ ಕೆಲವರಲ್ಲಿ ಕರುಳನ್ನು ಮತ್ತೆ ಕೆರಳಿಸಬಹುದು. 'ಕಾರಕ' ಎಂದು ಓದಿದ ಅತ್ತೆ, "ಹಂಗಾದ್ರೆ ಅದನ್ನ ತಡಿಯೋ ಮಾತ್ರೆ ಒಳ್ಳೇದೇ ಅಲ್ವೇನೋ" ಅಂದರೆ ತಪ್ಪು ಅವರದಲ್ಲ, ನನ್ನ ಪದದ್ದು.

'ಸಂದೇಶವಾಹಕ' ಎಂಬ ಪದ ಆಗಲೇ ಜೀವಕೋಶದ ಮೆಸೆಂಜರ್ ಆರ್‌ಎನ್‌ಎ ಪಾಲಾಗಿದೆ. ಸದ್ಯಕ್ಕೆ 'ಕರೆರಾಸಾಯನಿಕ' ಎಂದು ಪೆನ್ಸಿಲಿನಲ್ಲಿ ಗೀಚಿಟ್ಟಿದ್ದೇನೆ. ಆದರೆ 'ಕರೆ' ಅಂದರೆ ಕಲೆಯೂ ಹೌದು, ಹಸು ಇರುವ ಮನೆಯಲ್ಲಿ ಹಾಲು ಕರೆಯುವುದೂ ಹೌದು. ನಿಮ್ಮ ಊರುಗಳಲ್ಲಿ ಬೀದಿಬೀದಿಗೆ ಸುದ್ದಿ ಸಾರುತ್ತಿದ್ದವನನ್ನು ಏನೆಂದು ಕರೆಯುತ್ತಿದ್ದರು? ಅಲ್ಲಿಂದೇನಾದರೂ ಪದ ಹುಟ್ಟೀತೇ?